ಮಳೆಯ ಮಾತು ಹೊಲದವರೆಗೆ ಬರಬೇಕಾದರೆ

ಪ್ರಶ್ನೆ: ‘ಚಿತ್ರದುರ್ಗ ಜಿಲ್ಲೆಯಲ್ಲಿ ಇಂದು ಮಳೆ’ ಎಂದು ಟಿವಿಯಲ್ಲಿ ಹೇಳುತ್ತಾರೆ, ನಮ್ಮೂರ ಸುತ್ತ ಒಂದು ಹನಿಯೂ ಬೀಳುವುದಿಲ್ಲ. ಏನೂ ಹೇಳದ ದಿನ ಕಣದಲ್ಲಿ ಒಣಹಾಕಿದ ಮೆಕ್ಕೆಜೋಳ ನೆನೆದುಹೋಗುತ್ತದೆ. ಈ ಮುನ್ಸೂಚನೆಯನ್ನು ಯಾರು, ಎಲ್ಲಿ ಕೂತು ಮಾಡುತ್ತಾರೆ? ‘ರಾಷ್ಟ್ರೀಯ ಹವಾಗುಣ ಸೇವೆ’ ಎನ್ನುವುದು ಏನು? ಅದರಿಂದ ನಮ್ಮಂಥ ಮಳೆಯಾಶ್ರಿತ ರೈತರಿಗೆ ಪ್ರಯೋಜನ ಉಂಟೆ?
– ಓದುಗರೊಬ್ಬರು, ಹೊರಕೆರೆದೇವಪುರ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಪ್ರಯೋಜನ ಉಂಟು. ಆದರೆ ಅದು ನಿಮ್ಮ ಹೊಲದವರೆಗೆ ಬರುವ ದಾರಿಯಲ್ಲಿ ಕೆಲವು ಕಡೆ ಕೊಂಡಿ ಕಳಚಿದೆ. ಎಲ್ಲೆಲ್ಲಿ ಕಳಚಿದೆ ಎಂದು ತೋರಿಸಿದರೆ ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಮೊದಲು ಟಿವಿಯ ಮಾತು. ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ‘ಮಳೆ’ ಎಂಬ ಪದ ಒಂಟಿಯಾಗಿ ಬರುವುದಿಲ್ಲ. ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಎಲ್ಲ ಕಡೆ’ ಎಂಬ ಮಾತು ಅದರ ಜೊತೆಗಿರುತ್ತದೆ. ಇವು ಬಾಯಿಗೆ ಬಂದಂತೆ ಆಡುವ ಮಾತುಗಳಲ್ಲ, ಒಂದೊಂದಕ್ಕೂ ಅಳತೆ ಇದೆ. ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ ಮಳೆಯಾಗುವ ಸೂಚನೆ ಇದ್ದರೆ ‘ಒಂದೆರಡು ಕಡೆ’. ಅರ್ಧದವರೆಗೆ ಆದರೆ ‘ಕೆಲವು ಕಡೆ’. ಮುಕ್ಕಾಲಿನವರೆಗೆ ‘ಹಲವು ಕಡೆ’. ಅದಕ್ಕೂ ಮೇಲಾದರೆ ‘ಬಹುತೇಕ ಎಲ್ಲ ಕಡೆ’. ಹಾಗಾಗಿ ‘ಒಂದೆರಡು ಕಡೆ ಮಳೆ’ ಎಂದ ದಿನ ಮುಕ್ಕಾಲು ಪಾಲು ಊರುಗಳು ಒಣಗಿಯೇ ಇದ್ದರೂ ಲೆಕ್ಕದ ಪ್ರಕಾರ ಮುನ್ಸೂಚನೆ ಸರಿಯೇ. ಸುದ್ದಿ ಓದುವಾಗ ಆ ಎರಡು ಪದ ಕತ್ತರಿಸಿ ಹೋಗುತ್ತವೆ, ಉಳಿಯುವುದು ‘ಜಿಲ್ಲೆಯಲ್ಲಿ ಮಳೆ’ ಎಂಬುದಷ್ಟೆ. ಹೀಗೆ ಅರ್ಧ ಮಾಹಿತಿ ನಿಮ್ಮ ಮನೆ ತಲುಪುವ ಮೊದಲೇ ಕಳೆದುಹೋಗಿರುತ್ತದೆ. ‘ಭಾರಿ ಮಳೆ’ ಎನ್ನುವುದಕ್ಕೂ ಇಂಥದೇ ಅಳತೆ ಇದೆ: 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಮಾತ್ರ ಆ ಹೆಸರು.

ಎರಡನೆಯದು ನಮ್ಮ ನೆಲದ ಸ್ವಭಾವ. ಚಿತ್ರದುರ್ಗ ಜಿಲ್ಲೆ ಪಶ್ಚಿಮಘಟ್ಟದ ಮಳೆ ನೆರಳಿನಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡ ಘಟ್ಟದ ಆಚೆಯೇ ಬರಿದಾಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ನಮಗೆ ಸಿಗುವುದು ಗಾಳಿ ಹೆಚ್ಚು, ನೀರು ಕಡಿಮೆ. ಬೆಟ್ಟಗಳ ಮೇಲೆ ಗಾಳಿಯಂತ್ರಗಳ ಸಾಲು ಎದ್ದಿರುವುದೂ ಅದೇ ಗಾಳಿಯನ್ನು ನೆಚ್ಚಿ. ನಮಗೆ ಹೆಚ್ಚು ಮಳೆ ಕೊಡುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್, ಅಂದರೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲ. ಅದು ಬಹುಪಾಲು ಗುಡುಗು ಸಿಡಿಲಿನ ಮಳೆ. ಮಧ್ಯಾಹ್ನದ ಕಾವಿಗೆ ಮೋಡ ಎದ್ದು, ಕೆಲವೇ ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಸುರಿದು, ಒಂದೆರಡು ಗಂಟೆಯಲ್ಲಿ ಕರಗುತ್ತದೆ. ಅದು ಹೊಳಲ್ಕೆರೆ ಪೇಟೆಯ ಮೇಲೋ ನಿಮ್ಮೂರ ಮೇಲೋ ಎಂದು ಹಿಂದಿನ ದಿನವೇ ಹೇಳುವುದು ಪ್ರಪಂಚದ ಯಾವ ದೇಶಕ್ಕೂ ಇನ್ನೂ ಸಾಧ್ಯವಾಗಿಲ್ಲ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೆಚ್ಚಿ ಲೆಕ್ಕ ಹಾಕುತ್ತವೆ. ಮೊನ್ನೆ ಮೊನ್ನೆಯವರೆಗೆ ನಮ್ಮ ದೇಶದ ಮುಖ್ಯ ಮಾದರಿಯ ಒಂದು ಚೌಕ ಸುಮಾರು 12 ಕಿಲೋಮೀಟರ್ ಅಗಲ ಇತ್ತು. 2025ರ ಮೇ ತಿಂಗಳಲ್ಲಿ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಅದನ್ನು 6 ಕಿಲೋಮೀಟರಿಗೆ ಇಳಿಸಿದೆ. ಇದು ದೊಡ್ಡ ಹೆಜ್ಜೆ. ಆದರೂ ನಿಮ್ಮ ಊರು, ಪಕ್ಕದ ಊರು, ನಡುವಿನ ಗುಡ್ಡ ಒಂದೇ ಚೌಕದಲ್ಲಿ ಬೀಳಬಹುದು.

ರಾಡಾರ್ ಇದ್ದರೆ ಮೋಡ ಏಳುತ್ತಿದ್ದಂತೆ ಎರಡು ಮೂರು ಗಂಟೆ ಮೊದಲು ಎಚ್ಚರಿಸಬಹುದು. ಇಲ್ಲಿಯೂ ಮಧ್ಯ ಕರ್ನಾಟಕಕ್ಕೆ ಬಹುಕಾಲ ಕೊರತೆ. ನಮ್ಮ ಒಳನಾಡು ನೆರೆ ರಾಜ್ಯಗಳ ಡಾಪ್ಲರ್ ರಾಡಾರುಗಳನ್ನೇ ನೆಚ್ಚಿಕೊಂಡು ಬಂತು. ಭೂಮಿ ಗುಂಡಗಿರುವುದರಿಂದ ರಾಡಾರ್ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇಳುತ್ತದೆ. 200 ಕಿಲೋಮೀಟರ್ ಆಚೆ ಅದು ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಹಾಯುತ್ತದೆ. ಅದರ ಕೆಳಗೆ ನಡೆಯುವುದು ಅದಕ್ಕೆ ಕಾಣುವುದಿಲ್ಲ.

ಇನ್ನು ಯಾರು ಮಾಡುತ್ತಾರೆ ಎಂಬುದು. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ದಕ್ಷಿಣ ಭಾರತವನ್ನು ಒಂದು ಮಹಾಕ್ಷಾಮ ಹಿಡಿಯಿತು, ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದುದು ಅದನ್ನೇ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಷ್ಟು ಸಾವು ಕಂಡ ಮೇಲೆ ಮುಂಗಾರನ್ನು ಮೊದಲೇ ಅಂದಾಜು ಮಾಡಬೇಕೆಂಬ ಒತ್ತಡ ಬಂತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮದ ಪ್ರಮಾಣ ನೋಡಿ ಮುಂಗಾರಿನ ಅಂದಾಜು ಹೇಳತೊಡಗಿದರು. ಮುಂದೆ ಅದೇ ಇಲಾಖೆಯಲ್ಲಿ ಗಿಲ್ಬರ್ಟ್ ವಾಕರ್ ಮಳೆ ಹೋದ ವರ್ಷಗಳ ಕಾರಣ ಹುಡುಕುತ್ತ, ಪೆಸಿಫಿಕ್ ಸಾಗರದ ಒಂದು ದಡದಲ್ಲಿ ವಾಯುಒತ್ತಡ ಏರಿದರೆ ಇನ್ನೊಂದು ದಡದಲ್ಲಿ ಇಳಿಯುವುದನ್ನು ಗುರುತಿಸಿದರು. ಇಂದು ಎಲ್ ನಿನೊ ಎಂದು ನೀವು ಪತ್ರಿಕೆಯಲ್ಲಿ ಓದುವ ವಿದ್ಯಮಾನದ ಇನ್ನೊಂದು ಮುಖ ಅದು.

ನಮ್ಮ ಜಿಲ್ಲೆಗೂ ಈ ಚರಿತ್ರೆಯಲ್ಲಿ ಹಳೆಯ ಪಾಲಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ಮೈಸೂರು ಸಂಸ್ಥಾನ 1890ರ ದಶಕದ ಆರಂಭದಲ್ಲಿ ತನ್ನದೇ ಹವಾಮಾನ ಇಲಾಖೆ ಕಟ್ಟಿತು. ಅದು ವೀಕ್ಷಣಾಲಯ ತೆರೆದದ್ದು ನಾಲ್ಕು ಊರುಗಳಲ್ಲಿ: ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ. ಒಂದು ಸಂಸ್ಥಾನ ಅಷ್ಟು ಹಿಂದೆಯೇ ಬರದ ಸೀಮೆಯಲ್ಲಿ ಅಳತೆಗೋಲು ನೆಟ್ಟಿತು ಎಂಬುದನ್ನು ನಾನು ಅಭಿಮಾನದಿಂದಲೇ ಹೇಳುತ್ತೇನೆ. ಅಳೆಯದೆ ಅಂದಾಜಿಲ್ಲ ಎಂದು ಆ ಕಾಲದ ಆಡಳಿತಕ್ಕೆ ಗೊತ್ತಿತ್ತು.

ಇನ್ನು ಹವಾಗುಣ ಸೇವೆ ಎಂದರೆ ಏನು ಎಂಬುದು. ದಿನದ ಮಳೆ ಹೇಳುವುದು ಒಂದು ಕೆಲಸ. ಹತ್ತಾರು ವರ್ಷಗಳ ಮಳೆಯ ನಡೆ ತಿಳಿದು, ಮುಂದಿನ ತಿಂಗಳು, ಮುಂದಿನ ಹಂಗಾಮು, ಮುಂದಿನ ದಶಕಗಳ ಬಗ್ಗೆ ಬಿತ್ತುವವರಿಗೆ, ಕೆರೆ ಕಟ್ಟುವವರಿಗೆ, ಆಸ್ಪತ್ರೆ ನಡೆಸುವವರಿಗೆ ಉಪಯೋಗಕ್ಕೆ ಬರುವಂತೆ ಹೇಳುವುದು ಇನ್ನೊಂದು ಕೆಲಸ. ಈ ಎರಡನೆಯದೇ ಹವಾಗುಣ ಸೇವೆ. ವಾಣಿವಿಲಾಸ ಸಾಗರವನ್ನೇ ನೋಡಿ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಮತ್ತೆ ಕೋಡಿ ಕಂಡದ್ದು 2022ರಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ ಮೂರನೆಯ ಸಲ. ಆ ಹೊತ್ತಿಗೆ ಭದ್ರಾ ನೀರೂ ಸೇರತೊಡಗಿತ್ತು. ಒಂದು ವರ್ಷದ ಮಳೆ ನೋಡಿ ಈ ಸೀಮೆಯಲ್ಲಿ ಯಾವ ನಿರ್ಧಾರವನ್ನೂ ಮಾಡುವಂತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈ ಕೆಲಸಕ್ಕೆ ಒಂದು ಜಾಗತಿಕ ವ್ಯವಸ್ಥೆ ಕಟ್ಟಬೇಕೆಂದು 2009ರಲ್ಲಿ ಜಿನೀವಾದಲ್ಲಿ ನಡೆದ ಮೂರನೆಯ ವಿಶ್ವ ಹವಾಗುಣ ಸಮ್ಮೇಳನ ತೀರ್ಮಾನಿಸಿತು. ವಿಶ್ವ ಹವಾಮಾನ ಸಂಸ್ಥೆ ಅದಕ್ಕೊಂದು ಚೌಕಟ್ಟು ಮಾಡಿತು: ಅಳತೆ ಇರಬೇಕು, ಸಂಶೋಧನೆ ಇರಬೇಕು, ಮಾಹಿತಿ ಹೊರಡಿಸುವ ಕೇಂದ್ರ ಇರಬೇಕು, ಜನರನ್ನು ತರಬೇತು ಮಾಡಬೇಕು, ಎಲ್ಲಕ್ಕಿಂತ ಮಿಗಿಲಾಗಿ ಬಳಸುವವನ ಜೊತೆ ಕೂತು ಮಾತಾಡುವ ವೇದಿಕೆ ಬೇಕು. ಭಾರತದಲ್ಲಿ ಇದರ ಕೇಂದ್ರ ಹವಾಮಾನ ಇಲಾಖೆಯ ಪುಣೆ ಕಚೇರಿ. 2010ರಿಂದ ದಕ್ಷಿಣ ಏಷ್ಯಾದ ದೇಶಗಳ ಹವಾಮಾನ ತಜ್ಞರು ಪ್ರತಿವರ್ಷ ಮುಂಗಾರಿಗೆ ಮೊದಲು ಒಟ್ಟಾಗಿ ಒಂದು ಅಂದಾಜು ಹೊರಡಿಸುತ್ತಾರೆ. ಸಮಿತಿ, ಸಭೆಗಳ ಪಟ್ಟಿ ಇನ್ನೂ ಉದ್ದವಿದೆ. ನಿಮಗೆ ಅದು ಬೇಕಿಲ್ಲ.

ನಿಮಗೆ ಬೇಕಾದದ್ದು ಈ ಅಂದಾಜು ಎಷ್ಟು ನಂಬಿಕಸ್ಥ ಎಂಬುದು. 2002ರಲ್ಲಿ ಮುಂಗಾರು ಸಾಮಾನ್ಯ ಎಂದು ಇಲಾಖೆ ಹೇಳಿತ್ತು. ಜುಲೈ ತಿಂಗಳಲ್ಲಿ ದೇಶಕ್ಕೆ ಬಿದ್ದದ್ದು ವಾಡಿಕೆಯ ಅರ್ಧದಷ್ಟು ಮಾತ್ರ. ಇಡೀ ಹಂಗಾಮು ಶೇ 81ಕ್ಕೆ ನಿಂತಿತು. ಆ ಪೆಟ್ಟಿನಿಂದ ಇಲಾಖೆ ತನ್ನ ಪದ್ಧತಿ ಬದಲಿಸಿತು. 2012ರಲ್ಲಿ ‘ಮಾನ್ಸೂನ್ ಮಿಷನ್’ ಬಂತು. ಸಾಗರ ಮತ್ತು ವಾತಾವರಣವನ್ನು ಒಟ್ಟಿಗೆ ಲೆಕ್ಕ ಹಾಕುವ ಮಾದರಿಗಳು ಬಂದವು. ಪುಣೆ ಮತ್ತು ನೋಯ್ಡಾದಲ್ಲಿ ಸೂಪರ್ ಕಂಪ್ಯೂಟರುಗಳು ಕೂತವು. 2024ರಲ್ಲಿ ಕೇಂದ್ರ ಸರ್ಕಾರ ಎರಡು ವರ್ಷಕ್ಕೆ 2,000 ಕೋಟಿ ರೂಪಾಯಿಯ ‘ಮಿಷನ್ ಮೌಸಮ್’ ಮಂಜೂರು ಮಾಡಿತು. ಇವೆಲ್ಲದರಿಂದ ದೇಶಮಟ್ಟದ ಅಂದಾಜು ಸುಧಾರಿಸಿದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಆದರೆ 2023 ನೆನಪಿಸಿಕೊಳ್ಳಿ. ಆ ಏಪ್ರಿಲ್‌ನಲ್ಲಿ ಇಲಾಖೆ ಹೇಳಿದ್ದು, ದೇಶದ ಮುಂಗಾರು ವಾಡಿಕೆಯ ಶೇ 96ರಷ್ಟು, ಐದು ಹೆಚ್ಚುಕಡಿಮೆ ಇರಬಹುದು ಎಂದು. ಹಂಗಾಮು ಮುಗಿದಾಗ ಬಂದದ್ದು ಶೇ 94. ಲೆಕ್ಕದಲ್ಲಿ ಮುನ್ಸೂಚನೆ ಗೆದ್ದಿತು. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ದೆಹಲಿಯಿಂದ ನೋಡಿದರೆ ನಿಜವಾದ ಅಂಕಿ ಹೊಳಲ್ಕೆರೆಯಿಂದ ನೋಡಿದರೆ ಏನೂ ಹೇಳುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ ಮೂರೇ ಉಪವಿಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಾವು ದಕ್ಷಿಣ ಒಳನಾಡಿನವರು. ಆಗುಂಬೆಯೂ ದಕ್ಷಿಣ ಒಳನಾಡೇ, ಕೊಡಗೂ ದಕ್ಷಿಣ ಒಳನಾಡೇ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಊರನ್ನೂ ಅದರ ಹತ್ತನೆಯ ಒಂದು ಪಾಲೂ ಕಾಣದ ಹಿರಿಯೂರನ್ನೂ ಒಂದೇ ಸರಾಸರಿಯಲ್ಲಿ ಕೂಡಿಸಿದರೆ, ಆ ಸರಾಸರಿ ಎರಡೂ ಊರಿಗೆ ಸುಳ್ಳು.

ಕರ್ನಾಟಕ ಈ ಕೊರತೆಯನ್ನು ತಾನೇ ತುಂಬಿಕೊಳ್ಳಲು ಹೊರಟಿತು, ಮತ್ತು ಬಹಳ ಮಟ್ಟಿಗೆ ತುಂಬಿಕೊಂಡಿತು. 1980ರ ದಶಕದ ಸಾಲು ಬರಗಳ ನಂತರ, 1988ರಲ್ಲಿ, ಬರವನ್ನು ಗಮನಿಸುವುದಕ್ಕೆಂದೇ ಒಂದು ಘಟಕ ಶುರುವಾಯಿತು. ದೇಶದಲ್ಲಿ ಅಂಥದು ಅದೇ ಮೊದಲು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಬೆಂಗಳೂರಿನ ಯಲಹಂಕದಲ್ಲಿದೆ. ಈ ಕೇಂದ್ರ ಮೊದಲು ಮಾಡಿದ ಬುದ್ಧಿವಂತ ಕೆಲಸ ಎಂದರೆ ಮಲೆನಾಡನ್ನು ಬೇರೆಯಾಗಿ ಎಣಿಸಿ ರಾಜ್ಯವನ್ನು ನಾಲ್ಕು ಭಾಗ ಮಾಡಿದ್ದು. ಎರಡನೆಯದು, ಹೋಬಳಿಗೊಂದು ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೊಂದು ಟೆಲಿಮೆಟ್ರಿಕ್ ಮಳೆಮಾಪಕ ಇಟ್ಟದ್ದು. ಸೌರಫಲಕದಿಂದ ನಡೆಯುವ ಆ ಮಾಪಕ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಯಲಹಂಕಕ್ಕೆ ಅಳತೆ ಕಳಿಸುತ್ತದೆ. ಇಷ್ಟು ಒತ್ತಾದ ಮಳೆಮಾಪಕ ಜಾಲ ಕಟ್ಟಿದ ರಾಜ್ಯ ದೇಶದಲ್ಲಿ ಬಹಳ ಕಾಲ ನಮ್ಮದೊಂದೇ ಎನ್ನುವಂತಿತ್ತು. ಸಿಡಿಲಿನ ಎಚ್ಚರಿಕೆಗೆ ‘ಸಿಡಿಲು’ ಎಂಬ ಆ್ಯಪ್ ಕೂಡ ಈ ಕೇಂದ್ರದ್ದೇ.

ಆ ಸಣ್ಣ ಯಂತ್ರದ ಮೇಲೆ ಎಷ್ಟು ಭಾರ ಇದೆ ಗೊತ್ತೆ? ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ದಾಳಿಂಬೆ ಬೆಳೆಗಾರರಿಗೆ ಪರಿಹಾರ ಬರಬೇಕೋ ಬೇಡವೋ ಎಂದು ನಿರ್ಧರಿಸುವುದು ನಿಮ್ಮ ತೋಟದಲ್ಲಿ ಸುರಿದ ಮಳೆಯಲ್ಲ, ಗೊತ್ತುಮಾಡಿದ ಮಾಪಕದಲ್ಲಿ ದಾಖಲಾದ ಮಳೆ. ಬರ ಘೋಷಣೆಯೂ ಹಾಗೆಯೇ. ಮೊದಲು ಮಳೆ ಕೊರತೆ, ವಾರಗಟ್ಟಲೆ ಸತತ ಒಣಹವೆ ಲೆಕ್ಕಕ್ಕೆ ಬರುತ್ತವೆ. ಆಮೇಲೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವ. ಕೊನೆಗೆ ಆಯ್ದ ಹಳ್ಳಿಗಳಲ್ಲಿ ಕಣ್ಣಾರೆ ಪರಿಶೀಲನೆ. ಈ ಸರಪಳಿಯ ಮೊದಲ ಕೊಂಡಿ ಮಳೆಮಾಪಕ. ಅದರ ಮೇಲೆ ಬೇವಿನ ಮರದ ಕೊಂಬೆ ಚಾಚಿಕೊಂಡರೆ, ಬಟ್ಟಲಲ್ಲಿ ಎಲೆ ಕಟ್ಟಿಕೊಂಡರೆ, ಬ್ಯಾಟರಿ ಸತ್ತರೆ, ಇಡೀ ಪಂಚಾಯಿತಿಯ ಮಳೆ ತಪ್ಪಾಗಿ ದಾಖಲಾಗುತ್ತದೆ. ಬಿದ್ದ ಮಳೆ ಯಂತ್ರಕ್ಕೆ ಸೇರದೆ ಹೋದರೆ ಅತಿವೃಷ್ಟಿಯ ಪರಿಹಾರ ತಪ್ಪುತ್ತದೆ. ಯಂತ್ರ ಕೆಟ್ಟು ಪಕ್ಕದೂರ ಅಂಕಿಯನ್ನು ನಿಮ್ಮದೆಂದು ಹಿಡಿದರೆ ಬರದ ಪರಿಹಾರ ತಪ್ಪಬಹುದು. ಸಾವಿರಾರು ಯಂತ್ರಗಳನ್ನು ಕೊಳ್ಳುವುದಕ್ಕೆ ಒಮ್ಮೆ ಹಣ ಸಿಗುತ್ತದೆ. ಅವನ್ನು ವರ್ಷವರ್ಷವೂ ಒರೆಸಿ, ಅಳತೆ ತಾಳೆ ನೋಡಿ, ಕೆಟ್ಟದ್ದನ್ನು ಬದಲಿಸಲು ಹಣ ಕೇಳಿದರೆ ಯಾವ ಸರ್ಕಾರಕ್ಕೂ ಉತ್ಸಾಹ ಇರುವುದಿಲ್ಲ. ಮುನ್ಸೂಚನೆಯ ಸಾಮರ್ಥ್ಯ ಬೆಳೆಸುವುದು ಅಂದರೆ ಸೂಪರ್ ಕಂಪ್ಯೂಟರ್ ಕೊಳ್ಳುವಷ್ಟೇ ಇದೂ ಹೌದು. ಕಂಪ್ಯೂಟರು ಎಷ್ಟೇ ದೊಡ್ಡದಿರಲಿ, ಅದಕ್ಕೆ ಉಣಿಸುವ ಅಳತೆ ನೆಲದಿಂದಲೇ ಹೋಗಬೇಕು.

ನಾನು ಹೆಚ್ಚು ಚಿಂತೆ ಮಾಡುವ ಇನ್ನೊಂದು ಕೊಂಡಿ ಇದೆ. ‘ಮುಂದಿನ ಐದು ದಿನ 20 ಮಿಲಿಮೀಟರ್ ಮಳೆ, ತೇವಾಂಶ ಶೇ 85’ ಎಂಬುದು ರೈತನಿಗೆ ಬೇಕಾದ ಮಾತಲ್ಲ. ಔಷಧಿ ಹೊಡೆಯಲೋ ಬೇಡವೋ, ಈರುಳ್ಳಿ ಕೀಳಲೋ ಎರಡು ದಿನ ತಡೆಯಲೋ, ರಾಗಿ ಬಿತ್ತಲು ಹದ ಸಾಲುತ್ತದೋ ಇಲ್ಲವೋ – ಅವನ ಪ್ರಶ್ನೆ ಇದು. ಅಂಕಿಯನ್ನು ಸಲಹೆಯಾಗಿ ಬದಲಿಸಲು ಆ ಜಿಲ್ಲೆಯ ಮಣ್ಣು, ಬೆಳೆ, ಭಾಷೆ ಬಲ್ಲ ಒಬ್ಬ ಮನುಷ್ಯ ಬೇಕು. ಆ ಕೆಲಸಕ್ಕೆಂದು ‘ಗ್ರಾಮೀಣ ಕೃಷಿ ಮೌಸಮ್ ಸೇವಾ’ ಅಡಿಯಲ್ಲಿ 2018ರಿಂದ ದೇಶದ ಸುಮಾರು 200 ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಘಟಕಗಳನ್ನು ತೆರೆದರು. ಒಬ್ಬ ತಜ್ಞ, ಒಬ್ಬ ವೀಕ್ಷಕ; ಮಂಗಳವಾರ ಮತ್ತು ಶುಕ್ರವಾರ ಸ್ಥಳೀಯ ಭಾಷೆಯಲ್ಲಿ ಸಲಹೆ. 2024ರ ಮಾರ್ಚ್‌ನಲ್ಲಿ ಆ ಘಟಕಗಳನ್ನು ಮುಚ್ಚಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಿಷನ್ ಮೌಸಮ್‌ಗೆ 2,000 ಕೋಟಿ ಬಂತು. ಯಂತ್ರಕ್ಕೆ ಹಣ ಕೊಟ್ಟು ಮನುಷ್ಯನನ್ನು ಮನೆಗೆ ಕಳಿಸಿದ ಈ ತೀರ್ಮಾನ ತಪ್ಪು ಎಂದೇ ನನ್ನ ಅಭಿಪ್ರಾಯ. ಜಿಲ್ಲೆಗೆ ಇಬ್ಬರ ಸಂಬಳ ದೊಡ್ಡ ಖರ್ಚಲ್ಲ, ಆದರೆ ಅವರಿಲ್ಲದಿದ್ದರೆ ಉಳಿದ ಖರ್ಚಿನ ಫಲ ಹೊಲ ಮುಟ್ಟುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹಿರಿಯೂರಿನ ಬಬ್ಬೂರು ಫಾರಂನಂಥ ಕೃಷಿ ಸಂಶೋಧನಾ ಸಂಸ್ಥೆ ಇದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಕೃಷಿ ಹವಾಮಾನ ಶಾಸ್ತ್ರ ಕಲಿಸುತ್ತಾರೆ. ಕಲಿತವರಿಗೆ ಜಿಲ್ಲೆಯಲ್ಲಿ ಕಾಯಂ ಕುರ್ಚಿ ಹಾಕಿಕೊಡುವುದಷ್ಟೇ ಬಾಕಿ.

ಬಳಸುವವನ ಜೊತೆ ಕೂತು ಮಾಡಿದ ಕೆಲಸ ಹೇಗಿರುತ್ತದೆ ಎಂಬುದಕ್ಕೆ ನಿಮ್ಮ ನೆರೆಯಲ್ಲೇ ಉದಾಹರಣೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಜೊತೆಗಾರರು ಪಾವಗಡದ ಶೇಂಗಾ ರೈತರೊಂದಿಗೆ ಕೆಲಸ ಮಾಡಿದರು. ಪ್ರಶ್ನೆ ಕೇಳಿದವರು ರೈತರು: ಶೇಂಗಾ ಯಾವಾಗ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಸಿಗುವ ಸಂಭವ ಹೆಚ್ಚು? ಹತ್ತಾರು ವರ್ಷಗಳ ದಿನದಿನದ ಮಳೆ ದಾಖಲೆಯನ್ನು ಬೆಳೆಯ ಬೆಳವಣಿಗೆಯ ಲೆಕ್ಕದೊಂದಿಗೆ ಇಟ್ಟು ಅವರು ಉತ್ತರ ಹುಡುಕಿದರು. ನಾಳೆ ಮಳೆ ಬರುತ್ತದೋ ಎಂದು ಹೇಳದೆಯೂ, ಯಾವ ವಾರ ಬಿತ್ತಿದರೆ ಅಪಾಯ ಕಡಿಮೆ ಎಂದು ಹೇಳಬಹುದು ಎಂಬುದು ಅಲ್ಲಿ ಕಂಡುಬಂತು. ಹೊಸದುರ್ಗದ ಸಾವೆಗೆ, ನಿಮ್ಮ ಮೆಕ್ಕೆಜೋಳಕ್ಕೆ, ಚಳ್ಳಕೆರೆಯ ಶೇಂಗಾಕ್ಕೆ ಇಂಥ ಲೆಕ್ಕ ಹೋಬಳಿ ಹೋಬಳಿಗೂ ಆಗಬೇಕು. ಬೇಕಾದ ಅಳತೆ ಯಲಹಂಕದಲ್ಲಿ ಕೂಡಿಬಿದ್ದಿದೆ.

2024ರ ಅಕ್ಟೋಬರ್‌ನಿಂದ ಗ್ರಾಮ ಪಂಚಾಯಿತಿ ಮಟ್ಟದ ಐದು ದಿನದ ಮುನ್ಸೂಚನೆಯೂ ಮೊಬೈಲಿನಲ್ಲಿ ಸಿಗುತ್ತಿದೆ. ಬಳಸಿ, ಆದರೆ ಮೇಲೆ ಹೇಳಿದ ಚೌಕದ ಮಾತು ನೆನಪಿರಲಿ: ಊರಿನ ಹೆಸರಿದೆ ಎಂದ ಮಾತ್ರಕ್ಕೆ ಅದು ಊರಿಗೇ ಅಳೆದು ಹೊಲಿದದ್ದಲ್ಲ. ಮೊದಲ ಒಂದೆರಡು ದಿನವನ್ನು ಹೆಚ್ಚು ನಂಬಿ, ಐದನೆಯ ದಿನವನ್ನು ಸೂಚನೆ ಎಂದಷ್ಟೇ ಇಟ್ಟುಕೊಳ್ಳಿ. ಇದರ ಜೊತೆಗೆ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಅಂದಾಜು ಹೊರಡಿಸುತ್ತದೆ. ನಮ್ಮ ಒಂದೊಂದು ನಕ್ಷತ್ರದ ಮಳೆ 13–14 ದಿನದ್ದು. ಹಾಗಾಗಿ ಆ ಅಂದಾಜಿನಲ್ಲಿ ಈಗಿನ ಮಳೆ ಮತ್ತು ಮುಂದಿನ ಮಳೆ ಎರಡೂ ಬರುತ್ತವೆ. ಆರಿದ್ರ ಮಳೆಯಲ್ಲಿ ಬಿತ್ತಲು ಹೊರಟವರಿಗೆ ಪುನರ್ವಸು ಕೈಕೊಡುವ ಲಕ್ಷಣ ಇದೆಯೇ ಎಂದು ತಿಳಿಯುವುದು ದಿನದ ಮುನ್ಸೂಚನೆಗಿಂತ ಹೆಚ್ಚು ಉಪಯೋಗದ್ದು. ಇದನ್ನು ಕನ್ನಡದಲ್ಲಿ, ಮಳೆ ನಕ್ಷತ್ರದ ಹೆಸರಿನೊಂದಿಗೆ, ಆಕಾಶವಾಣಿಯ ಚಿತ್ರದುರ್ಗ ಕೇಂದ್ರದಿಂದ ಓದಿಸಿದರೆ ಎಷ್ಟು ಚೆನ್ನ.

ಕೊನೆಗೆ ನೀವು ಮಾಡಬಹುದಾದದ್ದು. ಯಲಹಂಕದ ಕೇಂದ್ರಕ್ಕೆ ‘ವರುಣ ಮಿತ್ರ’ ಎಂಬ ದಿನದ 24 ಗಂಟೆಯ ಸಹಾಯವಾಣಿ ಇದೆ, 92433 45433. ಕನ್ನಡದಲ್ಲೇ ಕೇಳಿ: ನಮ್ಮ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ದಾಖಲಾಗಿದೆ, ಮುಂದಿನ ಎರಡು ಮೂರು ದಿನ ಹೇಗೆ. ನಿಮ್ಮ ಹೊಲದಲ್ಲೂ ಒಂದು ಮಾಪಕ ಇಟ್ಟುಕೊಳ್ಳಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲದ, ನೇರ ಅಂಚಿನ ಯಾವ ಡಬ್ಬಿಯಾದರೂ ಸಾಕು. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇರಲಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಿ, ಬರೆದು, ನೀರು ಚೆಲ್ಲಿ. ಒಂದು ಮಿಲಿಮೀಟರ್ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ನಿಮ್ಮ ಪುಸ್ತಕದ ಅಂಕಿಗೂ ಪಂಚಾಯಿತಿ ಮಾಪಕದ ಅಂಕಿಗೂ ತಿಂಗಳುಗಟ್ಟಲೆ ತಾಳೆಯಾಗದಿದ್ದರೆ ಯಂತ್ರವನ್ನು ಪರೀಕ್ಷಿಸಿ ಎಂದು ಬರೆದು ಕೇಳಲು ಆಧಾರ ಸಿಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಎರಡು ವಿಷಯ ಎತ್ತಿ: ನಮ್ಮ ಮಳೆಮಾಪಕವನ್ನು ಕೊನೆಯ ಸಲ ಯಾರು, ಯಾವಾಗ ನೋಡಿದರು, ಜಿಲ್ಲೆಯಲ್ಲಿ ಹವಾಮಾನ ಸಲಹೆ ಬರೆಯುವವರು ಈಗ ಯಾರು. ಉತ್ತರ ಬಾರದಿದ್ದರೆ ನಿರ್ಣಯ ಬರೆಸಿ ಜಿಲ್ಲಾಧಿಕಾರಿಗೆ ಕಳಿಸಿ.